ಬ್ರಸೆಲ್ಸ್‌ಗೆ ಎರಡು ದಿನ ಕೊಡಬೇಕಾ, ಬಿಡಬೇಕಾ?

ಕಡೂರಿನವಳು

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ನಾವು ಮೂವರು ಯುರೋಪಿಗೆ ಹೊರಟಿದ್ದೇವೆ. ನಾನು, ನಮ್ಮ ಮನೆಯವರು, ನಮ್ಮ ಅಮ್ಮ. ಅಮ್ಮನಿಗೆ 68. ಪ್ರೈಮರಿ ಸ್ಕೂಲ್ ಟೀಚರ್ ಆಗಿ ರಿಟೈರ್ ಆದವರು. ಮಂಡಿ ನೋವಿದೆ, ಆದರೆ ನಿಧಾನಕ್ಕೆ ಎಷ್ಟು ದೂರ ಬೇಕಾದರೂ ನಡೆಯುತ್ತಾರೆ. ಮೊಟ್ಟೆ ಕೂಡ ತಿನ್ನುವುದಿಲ್ಲ.

ಆಮ್‌ಸ್ಟರ್‌ಡ್ಯಾಮ್ ನಾಲ್ಕು ದಿನ, ಪ್ಯಾರಿಸ್ ನಾಲ್ಕು ದಿನ ಬುಕ್ ಆಗಿದೆ. ನಡುವೆ ಎರಡು ದಿನ ಉಳಿದಿದೆ. ರೈಲು ಹೇಗೂ ಬೆಲ್ಜಿಯಂನ ರಾಜಧಾನಿ ಬ್ರಸೆಲ್ಸ್ ಮೇಲೇ ಹೋಗುತ್ತದೆ, ಅಲ್ಲೇ ಇಳಿಯೋಣ ಅಂತ ನನ್ನ ಆಸೆ. ಮನೆಯವರು ಆಫೀಸಿನಲ್ಲಿ ಯಾರನ್ನು ಕೇಳಿದರೂ "ಅಲ್ಲಿ ಏನೂ ಇಲ್ಲ, ಸೀದಾ ಬ್ರೂಜ್‌ಗೆ ಹೋಗಿ" ಅನ್ನುತ್ತಾರಂತೆ. ಬ್ರೂಜ್ ಬೆಲ್ಜಿಯಂನದೇ ಇನ್ನೊಂದು ಹಳೇ ಊರು. ನಮಗೆ ಇಂಥ ಪ್ರವಾಸ ಮತ್ತೆ ಮತ್ತೆ ಆಗುವುದಿಲ್ಲ. ಹೋಗಿ ಬಂದವರು ನಿಮಗೆ ಅನಿಸಿದ್ದನ್ನು ಹೇಳಿ.

ಬೆಣ್ಣೆದೋಸೆ

ಬಿಟ್ಟುಬಿಡಿ ಮೇಡಂ. ನಾನು ಹೋಗಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಸ್ಟೇಷನ್‌ನಿಂದ ಹೊರಗೆ ಬಂದ ಕೂಡಲೇ ಮನಸ್ಸಿಗೆ ಪಿಚ್ಚೆನಿಸಿತು. ಫುಟ್‌ಪಾತ್ ಮೇಲೆ ಕಸದ ಚೀಲಗಳ ಸಾಲು. ಅಲ್ಲಿ ಕಸವನ್ನು ಬಣ್ಣಬಣ್ಣದ ಚೀಲಗಳಲ್ಲಿ ಕಟ್ಟಿ ಮನೆ ಮುಂದೆ ಇಡುತ್ತಾರೆ, ಗಾಡಿ ಬಂದು ಎತ್ತಿಕೊಂಡು ಹೋಗುವವರೆಗೂ ಅಲ್ಲೇ. ಮಳೆ ಬೇರೆ. ಟ್ರಾಮ್ ಹತ್ತುವ ನೂಕುನುಗ್ಗಲಿನಲ್ಲಿ ನನ್ನ ಹೆಂಡತಿಯ ಪರ್ಸ್ ಹೋಯಿತು. ಪಾಸ್‌ಪೋರ್ಟ್ ನನ್ನ ಬಳಿ ಇತ್ತು, ಅಷ್ಟೇ ಪುಣ್ಯ.

ಆಮೇಲೆ ಆ ಹೆಸರುವಾಸಿ ಹುಡುಗನ ಮೂರ್ತಿ ನೋಡಲು ಹೋದೆವು. ಮಾನೆಕೆನ್ ಪಿಸ್, ಅಂದರೆ ಉಚ್ಚೆ ಹುಯ್ಯುವ ಹುಡುಗ. ಒಂದು ಬೀದಿಯ ಮೂಲೆಯಲ್ಲಿ ಒಂದೂಮುಕ್ಕಾಲು ಅಡಿಯ ಕಂಚಿನ ಮೂರ್ತಿ. ಸುತ್ತ ನೂರು ಜನ ಫೋನ್ ಎತ್ತಿ ಹಿಡಿದುಕೊಂಡು ನಿಂತಿದ್ದಾರೆ. ಅದೂ ಅಸಲಿ ಅಲ್ಲ, ನಕಲು. ಅಸಲಿ ಮ್ಯೂಸಿಯಂ ಒಳಗಿದೆ. ಊರ ನಡುವಿನ ಗ್ರಾಂ ಪ್ಲಾಸ್ ಅನ್ನುವ ಒಂದು ಚೌಕ ಚೆನ್ನಾಗಿದೆ, ಒಪ್ಪುತ್ತೇನೆ. ಅದಕ್ಕೆ ಒಂದು ಗಂಟೆ ಸಾಕು. ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೀರಿ, ಬ್ರೂಜ್‌ನಲ್ಲಿ ಕಾಲುವೆ ದಂಡೆಯ ಮೇಲೆ ಕೂರಿಸಿ. ಸಂತೋಷಪಡುತ್ತಾರೆ.

ಐಂಡ್‌ಹೋವನ್ ಅಕ್ಕ

ನಾನು ನೆದರ್‌ಲ್ಯಾಂಡ್ಸ್‌ನಲ್ಲೇ ಇರುವುದು. ಊರಿಂದ ಬಂದವರನ್ನೆಲ್ಲ ಬೆಲ್ಜಿಯಂಗೆ ಕರೆದುಕೊಂಡು ಹೋಗಿ ಹೋಗಿ ದಾರಿ ಬಾಯಿಪಾಠ ಆಗಿದೆ. ನನ್ನ ಓಟು ಘೆಂಟ್‌ಗೆ. ಬ್ರೂಜ್‌ನಷ್ಟೇ ಚೆಂದ, ಆದರೆ ಅಲ್ಲಿ ಊರಿನವರೂ ಇದ್ದಾರೆ, ವಿದ್ಯಾರ್ಥಿಗಳಿದ್ದಾರೆ. ಬ್ರೂಜ್‌ನಲ್ಲಿ ಹಗಲು ಹೊತ್ತು ಪ್ರವಾಸಿಗರನ್ನು ಬಿಟ್ಟು ಬೇರೆ ಯಾರೂ ಕಾಣುವುದಿಲ್ಲ. ಘೆಂಟ್‌ನ ಸೇಂಟ್ ಬಾವೋ ಚರ್ಚಿನಲ್ಲಿ ವಾನ್ ಐಕ್ ಅಣ್ಣತಮ್ಮಂದಿರು 1432ರಲ್ಲಿ ಮುಗಿಸಿದ ದೊಡ್ಡ ಚಿತ್ರವಿದೆ. ಹುಲ್ಲಿನ ಒಂದೊಂದು ಎಸಳೂ ಬೇರೆ ಬೇರೆ ಕಾಣುತ್ತದೆ.

ಬ್ರಸೆಲ್ಸ್‌ನಿಂದ ಘೆಂಟ್‌ಗೆ ರೈಲಿನಲ್ಲಿ ಅರ್ಧ ಗಂಟೆ, ಬ್ರೂಜ್‌ಗೆ ಒಂದು ಗಂಟೆ. ಘೆಂಟ್ ಸ್ಟೇಷನ್‌ನಿಂದ ಹಳೇ ಊರು ದೂರ, ಅಮ್ಮನ ಜೊತೆ ಇರುವಾಗ ಟ್ರಾಮ್ ಹಿಡಿಯಿರಿ.

ಬ್ರಸೆಲ್ಸ್ ವಾಸಿ

ಒಂಬತ್ತು ವರ್ಷದಿಂದ ಇಲ್ಲಿದ್ದೇನೆ. ಸೆಂಟ್ ಜಿಲ್ ಬಡಾವಣೆಯಲ್ಲಿ ಮನೆ. ಬೆಣ್ಣೆದೋಸೆ ಸರ್ ಹೇಳಿದ ಕಸದ ಚೀಲ ನಿಜ. ಪರ್ಸ್ ವಿಷಯವೂ ನಿಜ, ದೊಡ್ಡ ಸ್ಟೇಷನ್‌ಗಳ ಸುತ್ತಮುತ್ತ ಹುಷಾರಾಗಿರಬೇಕು. ನಿಮಗಾದ ತೊಂದರೆ ಕೇಳಿ ಬೇಜಾರಾಯಿತು ಸರ್.

ಆದರೆ "ಏನೂ ಇಲ್ಲ" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬರುವವರು ನಾಲ್ಕು ಗಂಟೆ ಇಟ್ಟುಕೊಂಡು ಬರುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಇಳಿದು, ಚೌಕ, ಮೂರ್ತಿ, ವಾಫಲ್, ಚಾಕೊಲೇಟ್, ನಾಲ್ಕಕ್ಕೆ ರೈಲು. ಆ ಮುನ್ನೂರು ಮೀಟರ್‌ನಲ್ಲಿ ಊರಿನವರು ಯಾರೂ ಓಡಾಡುವುದೇ ಇಲ್ಲ. ಯಾರಾದರೂ ಬೆಂಗಳೂರಿಗೆ ಬಂದು ಮೆಜೆಸ್ಟಿಕ್‌ನಲ್ಲಿ ಇಳಿದು, ಚಿಕ್ಕಪೇಟೆ ಸುತ್ತಿ, ವಾಪಸ್ ಹೋಗಿ "ಬೆಂಗಳೂರು ನೋಡಿದೆ" ಅಂದರೆ ನಮಗೆ ಹೇಗಾಗುತ್ತದೆ?

ಗ್ರಾಂ ಪ್ಲಾಸ್ ಚೌಕವನ್ನು ಬೆಳಿಗ್ಗೆ ಏಳಕ್ಕೆ ನೋಡಿ, ಇಲ್ಲವೇ ರಾತ್ರಿ ಹತ್ತರ ಮೇಲೆ. 1695ರ ಆಗಸ್ಟ್‌ನಲ್ಲಿ ಫ್ರೆಂಚ್ ಸೈನ್ಯ ಮೂರು ದಿನ ಈ ಊರಿನ ಮೇಲೆ ಗುಂಡು ಸುರಿಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ಚೌಕದಲ್ಲಿ ನಗರಸಭೆಯ ಗೋಪುರ ನಿಂತಿತು, ಸುತ್ತಲಿನದು ಹೆಚ್ಚುಕಡಿಮೆ ಎಲ್ಲ ಬೂದಿ. ಬೇಕರಿಯವರು, ಮಾಂಸದವರು, ದೋಣಿಯವರು, ಬೀರ್ ತಯಾರಿಸುವವರು, ಹೀಗೆ ಒಂದೊಂದು ಕಸುಬಿನ ಸಂಘವೂ ತನ್ನ ತನ್ನ ಮನೆಯನ್ನು ಐದೇ ವರ್ಷದೊಳಗೆ ಮತ್ತೆ ಕಟ್ಟಿಕೊಂಡಿತು. ಈಗ ಕಾಣುವ ಚಿನ್ನದ ಗೆರೆಗಳ ಮನೆಗಳೇ ಅವು. ದೋಣಿಯವರ ಮನೆಯ ನೆತ್ತಿ ನೋಡಿ, ಹಡಗಿನ ಹಿಂಭಾಗದ ಆಕಾರದಲ್ಲೇ ಕಟ್ಟಿದ್ದಾರೆ. 1998ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಜನ ಇಲ್ಲದ ಹೊತ್ತಿನಲ್ಲಿ, ಮಳೆ ಬಿದ್ದು ಕಲ್ಲು ಒದ್ದೆಯಾಗಿದ್ದಾಗ, ಆ ಚಿನ್ನದ ಬಣ್ಣ ನೆಲದಲ್ಲೂ ಕಾಣುತ್ತದೆ. ಒಂಬತ್ತು ವರ್ಷ ಆದರೂ ನಾನು ಆ ದಾರಿಯಲ್ಲಿ ಹೋಗುವಾಗ ಒಂದು ನಿಮಿಷ ನಿಲ್ಲುತ್ತೇನೆ.

ಮಾನೆಕೆನ್ ಪಿಸ್ ಬಗ್ಗೆ ಒಂದು ಮಾತು. ಗಾತ್ರ ನೋಡಲು ಹೋದರೆ ನಿರಾಸೆಯೇ. ಅಸಲಿ ಮೂರ್ತಿ 1619ರದ್ದು. ಮೊದಲು ಅದು ಬೀದಿ ನಲ್ಲಿಯ ಹುಡುಗ, ಜನ ಬಿಂದಿಗೆ ತಂದು ನೀರು ಹಿಡಿಯುತ್ತಿದ್ದ ಜಾಗ. ಅವನಿಗೆ ಸಾವಿರಕ್ಕೂ ಜಾಸ್ತಿ ಬಟ್ಟೆಗಳಿವೆ, ಬೇರೆ ಬೇರೆ ದೇಶದವರು, ಸಂಘದವರು ಕೊಟ್ಟಿದ್ದು. ಅದಕ್ಕೇ ಪಕ್ಕದಲ್ಲಿ ಸಣ್ಣ ಮ್ಯೂಸಿಯಂ ಇದೆ. ಯಾವತ್ತು ಯಾವ ಉಡುಪು ಅಂತ ಮೊದಲೇ ಗೊತ್ತುಮಾಡಿರುತ್ತಾರೆ. ನಮ್ಮಲ್ಲಿ ದೇವರಿಗೆ ದಿನಕ್ಕೊಂದು ಅಲಂಕಾರ ಮಾಡುವುದನ್ನು ನೋಡಿ ಬೆಳೆದವರಿಗೆ ಆ ಅಕ್ಕರೆ ಬೇಗ ಅರ್ಥವಾಗುತ್ತದೆ.

ತುಂಗಾತೀರ

ಮಂಡಿ ನೋವಿದೆ ಅಂದಿದ್ದೀರಿ. ಬ್ರಸೆಲ್ಸ್‌ನಲ್ಲಿ ಕೆಳಗಿನ ಊರು, ಮೇಲಿನ ಊರು ಅಂತ ಎರಡು ಮಟ್ಟ. ರಸ್ತೆಯೆಲ್ಲ ಕಲ್ಲುಹಾಸು. ಗಾಲಿ ಸೂಟ್‌ಕೇಸ್ ಎಳೆಯುವಾಗ ಕೈ ನೋವು, ನಡೆಯುವಾಗ ಕಾಲು ನೋವು. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಬ್ರಸೆಲ್ಸ್ ವಾಸಿ

ಹೌದು, ಅದಕ್ಕೂ ದಾರಿ ಇದೆ. ಮಾರೋಲ್ ಅನ್ನುವ ಹಳೇ ಕಾರ್ಮಿಕರ ಪೇಟೆಯಿಂದ ಮೇಲಿನ ಊರಿಗೆ ಗಾಜಿನ ಲಿಫ್ಟ್ ಇದೆ. ದುಡ್ಡು ಇಲ್ಲ. ಇಳಿದರೆ ಎದುರಿಗೇ ಹೈಕೋರ್ಟ್‌ನಂಥ ಬೃಹತ್ ನ್ಯಾಯಾಲಯ, ದಶಕಗಟ್ಟಲೆ ಸಾರ್ವೆ ಕಟ್ಟಿಕೊಂಡೇ ನಿಂತಿದ್ದ ಕಟ್ಟಡ. ಅಲ್ಲಿ ಕಟ್ಟೆಗೆ ಒರಗಿ ನಿಂತರೆ ಇಡೀ ಊರು ಕಾಣುತ್ತದೆ. ದೂರದಲ್ಲಿ ಹೊಳೆಯುವ ಗುಂಡುಗಳು ಆಟೋಮಿಯಂ ಅನ್ನುವ ಕಟ್ಟಡ. ಮಾರೋಲ್‌ನಲ್ಲಿ ಪ್ರತಿದಿನ ಬೆಳಿಗ್ಗೆ ಹಳೇ ಸಾಮಾನಿನ ಸಂತೆ ನಡೆಯುತ್ತದೆ. ನೆಲದ ಮೇಲೆ ಬಟ್ಟೆ ಹಾಸಿ ಚಮಚ, ಫೋಟೋ ಫ್ರೇಮು, ಗಡಿಯಾರ, ಬಾಗಿಲ ಹಿಡಿ ಎಲ್ಲ ಇಟ್ಟಿರುತ್ತಾರೆ.

ಬೆಣ್ಣೆದೋಸೆ

ಸರ್, ನಿಮ್ಮ ಊರಿನ ಮೇಲಿನ ಪ್ರೀತಿ ಅರ್ಥವಾಗುತ್ತದೆ. ಅಲ್ಲಿ ಬಾಳುವವರಿಗೆ ಬೆಳಿಗ್ಗೆ ಏಳು ಗಂಟೆಯೂ ಇದೆ, ರಾತ್ರಿ ಹತ್ತೂ ಇದೆ. ಜೀವಮಾನದಲ್ಲಿ ಒಂದು ಸಲ ಹೋಗುವವರು, ವೀಸಾಗೆ ಅಲೆದು, ಸಾಲ ಮಾಡಿ ಹೋಗುವವರು, ಊರು ತಾನಾಗಿ ಬಂದು ಮನಸ್ಸಿಗೆ ಇಳಿಯಲಿ ಅಂತ ಬಯಸುತ್ತಾರೆ. ಹುಡುಕಿ ಹುಡುಕಿ ಇಷ್ಟಪಡಬೇಕಾದ ಊರನ್ನು ಅವರಿಗೆ ಹೇಳುವುದು ಸರಿಯಾ? ನನ್ನ ಪ್ರಶ್ನೆ ಇಷ್ಟೇ.

ಹಳೇ ಬೆಂಗಳೂರು

ನಾನು ಆರ್ಕಿಟೆಕ್ಟ್. ಬೆಣ್ಣೆದೋಸೆಯವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ನನ್ನ ಉತ್ತರ ಬೇರೆ. ನಮ್ಮ ಬೆಂಗಳೂರಿನವರಂತೂ ಒಂದು ಸಲ ನೋಡಲೇಬೇಕಾದ ಊರು ಅದು. ಚೆಂದವಾಗಿದೆ ಅಂತಲ್ಲ. ಚೆಂದವನ್ನು ಕಳೆದುಕೊಂಡ ಬಗೆ ಅಲ್ಲಿ ಕಣ್ಣಿಗೆ ಕಾಣುತ್ತದೆ, ಅದಕ್ಕೆ.

ಬ್ರಸೆಲ್ಸ್‌ನಲ್ಲಿ ನದಿ ಎಲ್ಲಿದೆ ಅಂತ ಯಾರಾದರೂ ಯೋಚಿಸಿದ್ದೀರಾ? ಪ್ಯಾರಿಸ್‌ಗೆ ಸೆನ್ ನದಿ, ಲಂಡನ್‌ಗೆ ಥೇಮ್ಸ್. ಬ್ರಸೆಲ್ಸ್‌ಗೂ ನದಿ ಇತ್ತು. ಅದರ ಹೆಸರೂ ಕೇಳಲು ಹಾಗೇ, ಸೆನ್. ಊರು ಹುಟ್ಟಿದ್ದೇ ಆ ನದಿಯ ಜೌಗಿನಲ್ಲಿ. ಹತ್ತೊಂಬತ್ತನೇ ಶತಮಾನದ ಹೊತ್ತಿಗೆ ಕಾರ್ಖಾನೆ, ಚರ್ಮ ಹದ ಮಾಡುವವರು, ಮನೆಯ ಕೊಳಚೆ ಎಲ್ಲ ಸೇರಿ ನಾರುವ ಚರಂಡಿಯಾಯಿತು. 1866ರಲ್ಲಿ ಕಾಲರಾ ಬಂದು ಬಹಳ ಜನ ಸತ್ತರು. ಮೇಯರ್ ಜೂಲ್ ಆನ್ಸ್‌ಪಾಕ್ 1867ರಿಂದ 1871ರೊಳಗೆ ನದಿಯನ್ನು ಕಮಾನಿನೊಳಗೆ ಹೂತು, ಮೇಲೆ ಪ್ಯಾರಿಸ್ ಮಾದರಿಯ ಅಗಲ ರಸ್ತೆ ಮಾಡಿಸಿದರು. ಇವತ್ತು ನೀವು ಆ ರಸ್ತೆಯಲ್ಲಿ ಕಾಫಿ ಕುಡಿಯುತ್ತಾ ಕೂರುತ್ತೀರಿ. ಕಾಲ ಕೆಳಗೆ ನದಿ ಹರಿದ ಜಾಗ. ಸೆಂಟ್ ಜೆರಿ ಹತ್ತಿರ ಒಂದು ಅಂಗಳದೊಳಗೆ ಅದರ ಒಂದು ತುಣುಕನ್ನು ತೆರೆದು ಇಟ್ಟಿದ್ದಾರೆ. ಇಟ್ಟಿಗೆ ಗೋಡೆಗಳ ನಡುವೆ ಹಸಿರು ಬಣ್ಣದ ನಿಂತ ನೀರು. ನಾನು ಅಲ್ಲಿ ತುಂಬ ಹೊತ್ತು ನಿಂತಿದ್ದೆ. ನಮ್ಮ ಧರ್ಮಾಂಬುಧಿ ಕೆರೆ ಬಸ್ ಸ್ಟ್ಯಾಂಡ್ ಆಯಿತು. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು. ವೃಷಭಾವತಿಯನ್ನು ಮೋರಿ ಅಂತಲೇ ಕರೆಯುವ ಮಕ್ಕಳು ಬೆಳೆದಿದ್ದಾರೆ. ಅಂಥ ಊರಿಂದ ಹೋದವನಿಗೆ ಆ ಅಂಗಳ ಸುಮ್ನೆ ಒಂದು ಅಂಗಳ ಆಗಿ ಕಾಣಲಿಲ್ಲ.

ಎರಡನೆಯದು ಕಟ್ಟಡಗಳು. ವಿಕ್ಟರ್ ಓರ್ಟಾ ಅನ್ನುವ ಆರ್ಕಿಟೆಕ್ಟ್ 1893ರಲ್ಲಿ ಇಲ್ಲಿ ಟಾಸೆಲ್ ಎಂಬ ಮನೆ ಕಟ್ಟಲು ಹಿಡಿದರು. ಕಬ್ಬಿಣವನ್ನು ಬಳ್ಳಿಯ ಹಾಗೆ ಬಗ್ಗಿಸಿ, ಮನೆಯ ಮಧ್ಯದಿಂದ ಬೆಳಕು ಇಳಿಯುವಂತೆ ಮಾಡಿದರು. ಆರ್ಟ್ ನುವೋ ಅನ್ನುವ ಶೈಲಿ ಕಟ್ಟಡಕ್ಕೆ ಇಳಿದದ್ದು ಅಲ್ಲಿಂದ. ಅದೇ ಓರ್ಟಾ ಕಾರ್ಮಿಕರ ಪಕ್ಷಕ್ಕಾಗಿ 'ಜನರ ಮನೆ' ಅಂತ ಗಾಜು ಕಬ್ಬಿಣದ ದೊಡ್ಡ ಕಟ್ಟಡ ಕಟ್ಟಿದ್ದರು, 1899ರಲ್ಲಿ ಬಾಗಿಲು ತೆರೆಯಿತು. 1965ರಲ್ಲಿ ಅದನ್ನು ಕೆಡವಿದರು. ಜಗತ್ತಿನ ಆರ್ಕಿಟೆಕ್ಟ್‌ಗಳು ಬೇಡ ಅಂದರೂ ಕೇಳಲಿಲ್ಲ. ಆ ಜಾಗದಲ್ಲಿ ಈಗ ಏನೂ ವಿಶೇಷವಿಲ್ಲದ ಎತ್ತರದ ಆಫೀಸ್ ಕಟ್ಟಡ. ಆ ಕಾಲದಲ್ಲಿ ಹಳೇ ಬೀದಿಗಳನ್ನು ಹಾಗೆ ಎಲ್ಲೆಂದರಲ್ಲಿ ಒಡೆದು ಗೋಪುರ ಎಬ್ಬಿಸಿದ್ದಕ್ಕೆ ನಮ್ಮ ವೃತ್ತಿಯಲ್ಲಿ 'ಬ್ರಸೆಲೈಸೇಶನ್' ಅಂತ ಒಂದು ಪದವೇ ಹುಟ್ಟಿಕೊಂಡಿತು. ಒಂದು ಊರಿನ ಹೆಸರು ಹಾಳುಗೆಡವುವ ಕೆಲಸದ ಹೆಸರಾಯಿತು.

ಹಾಗಾಗಿ ಬೆಣ್ಣೆದೋಸೆ ಸರ್ ಕಂಡ ಅಂದಗೇಡು ಸುಳ್ಳಲ್ಲ. ಒಂದು ಚೆಂದದ ಮನೆ, ಪಕ್ಕದಲ್ಲಿ ಸಿಮೆಂಟ್ ಡಬ್ಬ, ಮತ್ತೆ ಚೆಂದದ ಮನೆ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಓಡಾಡಿದವರಿಗೆ ಇದು ಹೊಸದಲ್ಲ.

ಒಂದೇ ಒಂದು ಜಾಗ ನೋಡುವುದಾದರೆ ಓರ್ಟಾ ತಮಗಾಗಿ ಕಟ್ಟಿಕೊಂಡ ಮನೆ ನೋಡಿ. ಈಗ ಮ್ಯೂಸಿಯಂ. ಸೆಂಟ್ ಜಿಲ್‌ನಲ್ಲಿದೆ. ಹೊರಗಿಂದ ಸಾಲುಮನೆಗಳಲ್ಲಿ ಅದೂ ಒಂದು. ಒಳಗೆ ಹೋಗಿ ಮೆಟ್ಟಿಲು ಹತ್ತಿ. ಕೆಳಗೆ ಮಬ್ಬು. ಒಂದೊಂದು ಮಹಡಿ ಏರಿದಂತೆ ಬೆಳಕು ಜಾಸ್ತಿಯಾಗುತ್ತದೆ. ತುದಿಯಲ್ಲಿ ಹಳದಿ, ಬಿಳಿ ಗಾಜಿನ ಮಾಡು, ಎರಡು ಪಕ್ಕದಲ್ಲೂ ಕನ್ನಡಿ. ಆ ಬೆಳಕು ಕನ್ನಡಿಯಿಂದ ಕನ್ನಡಿಗೆ ಬಿದ್ದು ಮುಗಿಯುವುದೇ ಇಲ್ಲ. ಮೆಟ್ಟಿಲ ಪಕ್ಕದ ಮರದ ಹಿಡಿ ಮೇಲೆ ಕೈ ಇಟ್ಟರೆ, ಕೈ ಎಲ್ಲಿ ಬಗ್ಗಬೇಕೋ ಅಲ್ಲೇ ಮರವೂ ಬಗ್ಗಿರುತ್ತದೆ. ಅವರ ನಾಲ್ಕು ಮನೆಗಳು 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ಅಮ್ಮನಿಗೆ ಮೆಟ್ಟಿಲು ಕಷ್ಟವಾದರೆ ನೀವಾದರೂ ಹೋಗಿಬನ್ನಿ. ಟಿಕೆಟ್ ಮೊದಲೇ ಬುಕ್ ಮಾಡಿಕೊಳ್ಳಿ.

ಐಂಡ್‌ಹೋವನ್ ಅಕ್ಕ

ಹಳೇ ಬೆಂಗಳೂರು ಅವರೇ, ಹತ್ತು ಸಲ ಹೋಗಿದ್ದೇನೆ, ಆ ನದಿಯ ವಿಷಯ ಗೊತ್ತೇ ಇರಲಿಲ್ಲ. ಮುಂದಿನ ಸಲ ನೋಡುತ್ತೇನೆ. ಓಟು ಮಾತ್ರ ಇನ್ನೂ ಘೆಂಟ್‌ಗೇ.

ಕಡೂರಿನವಳು

ಇಷ್ಟು ವಿಷಯ ನಿರೀಕ್ಷೆ ಮಾಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಊಟದ ಬಗ್ಗೆ ಯಾರಾದರೂ ಹೇಳಿ. ಅಮ್ಮನಿಗೆ ಆಲೂಗಡ್ಡೆ ಫ್ರೈಸ್ ಇದ್ದರೆ ಒಂದು ಹೊತ್ತು ಕಳೆಯುತ್ತದೆ. ಬೆಲ್ಜಿಯಂನಲ್ಲಿ ಅದು ಫೇಮಸ್ ಅಲ್ವಾ?

ಬ್ರಸೆಲ್ಸ್ ವಾಸಿ

ಮೇಡಂ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಇಲ್ಲಿ ಫ್ರೈಸ್ ಎರಡು ಸಲ ಕರಿಯುತ್ತಾರೆ. ಹಳೇ ಪದ್ಧತಿಯಲ್ಲಿ ಕರಿಯುವುದು ದನದ ಕೊಬ್ಬಿನಲ್ಲಿ. ಇವತ್ತಿಗೂ ಎಷ್ಟೋ ಅಂಗಡಿಗಳಲ್ಲಿ ಹಾಗೇ. ಕೆಲವು ಕಡೆ ಎಣ್ಣೆ ಬಳಸುತ್ತಾರೆ. ಕೇಳದೆ ತಿನ್ನಬೇಡಿ. "ಯಾವುದರಲ್ಲಿ ಕರಿಯುತ್ತೀರಿ, ವೆಜಿಟೆಬಲ್ ಆಯಿಲ್ ಆ?" ಅಂತ ಇಂಗ್ಲಿಷಿನಲ್ಲೇ ಕೇಳಿ, ನೇರವಾಗಿ ಹೇಳುತ್ತಾರೆ, ಬೇಜಾರು ಮಾಡಿಕೊಳ್ಳುವುದಿಲ್ಲ. ನಮ್ಮ ಮಾವನವರಿಗೆ ಮೊದಲ ದಿನ ಗೊತ್ತಿಲ್ಲದೆ ಕೊಡಿಸಿಬಿಟ್ಟಿದ್ದೆ. ಗೊತ್ತಾದ ಮೇಲೆ ಅವರು ಏನೂ ಅನ್ನಲಿಲ್ಲ, ಆದರೆ ಎರಡು ದಿನ ಬರೀ ಹಣ್ಣು ತಿಂದರು. ಇವತ್ತಿಗೂ ಅದು ನನ್ನ ಮನಸ್ಸಿನಲ್ಲಿದೆ.

ವಾಫಲ್‌ನಲ್ಲಿ ಮೊಟ್ಟೆ ಇರುತ್ತದೆ, ಅದು ಬೇಡ. ನಮ್ಮೂರಲ್ಲೂ ಸಿಗುವ ಲೋಟಸ್ ಬಿಸ್ಕಾಫ್ ಬಿಸ್ಕತ್ತು ಇಲ್ಲಿಯದೇ, ಅದರಲ್ಲಿ ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ. ಫಲಾಫಲ್ (ಕಡಲೆ ವಡೆ) ಅಂಗಡಿಗಳು ಬೇಕಾದಷ್ಟಿವೆ. ಇಂಡಿಯನ್ ಹೋಟೆಲ್‌ಗಳೂ ಇವೆ. ಅಡುಗೆಮನೆ ಇರುವ ರೂಮ್ ಮಾಡಿ, ಒಂದು ಸಣ್ಣ ಕುಕ್ಕರ್, ಅಕ್ಕಿ, ಚಟ್ನಿಪುಡಿ ಇದ್ದರೆ ಅಮ್ಮ ಆರಾಮಾಗಿರುತ್ತಾರೆ.

ಚಾಕೊಲೇಟ್ ತಿನ್ನುತ್ತಾರಾದರೆ ಸೆಂಟ್ ಹ್ಯೂಬರ್ ಗ್ಯಾಲರಿಗೆ ಹೋಗಿ. 1847ರಲ್ಲಿ ತೆರೆದ ಗಾಜಿನ ಮಾಡಿನ ಬಜಾರು, ಮಳೆ ಬಂದಾಗ ಇಡೀ ಊರು ಅಲ್ಲಿರುತ್ತದೆ. ಒಳಗೆ ಹೂರಣವಿಟ್ಟು ಮಾಡುವ ಚಾಕೊಲೇಟನ್ನು 1912ರಲ್ಲಿ ಮೊದಲು ಮಾಡಿದ್ದು ಅಲ್ಲಿನ ನೋಯ್‌ಹೌಸ್ ಅಂಗಡಿಯವರು. ಅದಕ್ಕೂ ಮೊದಲು ಅವರದ್ದು ಔಷಧಿ ಅಂಗಡಿ. ಹೂರಣದಲ್ಲಿ ಕೆಲವೊಮ್ಮೆ ಮದ್ಯ ಇರುತ್ತದೆ, ಅದನ್ನೂ ಕೇಳಿಕೊಳ್ಳಿ.

ಗಡಿನಾಡ ಮೇಷ್ಟ್ರು

ನಾನು ಬೆಳಗಾವಿ ಕಡೆಯವನು. ಮಗ ಲುವೆನ್‌ನಲ್ಲಿ ಓದುವಾಗ ಮೂರು ವಾರ ಹೋಗಿ ಇದ್ದೆ. ಚೌಕ, ಚಾಕೊಲೇಟ್ ಎಲ್ಲ ಸರಿ. ನನ್ನ ಕಣ್ಣು ಹೋಗಿದ್ದು ಬೋರ್ಡುಗಳ ಮೇಲೆ.

ಬ್ರಸೆಲ್ಸ್‌ನಲ್ಲಿ ಪ್ರತಿ ಬೀದಿಗೂ ಎರಡು ಹೆಸರು. ಒಂದು ಫ್ರೆಂಚ್, ಇನ್ನೊಂದು ಡಚ್. ಸ್ಟೇಷನ್‌ಗೂ ಎರಡು ಹೆಸರು. ಒಂದು ಕಾಲಕ್ಕೆ ಅದು ಡಚ್ ಮಾತಾಡುವ ಊರು. ಆಡಳಿತ, ಶಾಲೆ, ದೊಡ್ಡವರ ಮಾತು ಎಲ್ಲ ಫ್ರೆಂಚ್ ಆದಾಗ ಜನ ಮಕ್ಕಳಿಗೆ ಫ್ರೆಂಚ್ ಕಲಿಸಿದರು. ಎರಡು ಮೂರು ತಲೆಮಾರಿನಲ್ಲಿ ಊರಿನ ಮಾತೇ ಬದಲಾಯಿತು. ಈಗ ಸುತ್ತಲೂ ಡಚ್ ಮಾತಾಡುವ ಫ್ಲಾಂಡರ್ಸ್, ನಡುವೆ ದ್ವೀಪದ ಹಾಗೆ ಬ್ರಸೆಲ್ಸ್. 1962, 63ರಲ್ಲಿ ಕಾನೂನು ಮಾಡಿ ಭಾಷೆಯ ಗಡಿ ಎಳೆದರು. 1968ರಲ್ಲಿ ಡಚ್ ಕಡೆಗೆ ಸೇರಿದ ಲುವೆನ್ ಊರಿನ ವಿಶ್ವವಿದ್ಯಾಲಯವನ್ನೇ ಎರಡು ಮಾಡುವ ತೀರ್ಮಾನವಾಯಿತು. ಫ್ರೆಂಚ್ ವಿಭಾಗ ಗಡಿಯಾಚೆಗೆ ಹೊಸ ಊರು ಕಟ್ಟಿಕೊಂಡು ಹೋಯಿತು. ಲೈಬ್ರರಿಯ ಪುಸ್ತಕಗಳನ್ನು ಹಂಚಿದ್ದು ಹೇಗೆ ಗೊತ್ತೇ? ಸಮ ಸಂಖ್ಯೆಯವು ಒಬ್ಬರಿಗೆ, ಬೆಸ ಸಂಖ್ಯೆಯವು ಇನ್ನೊಬ್ಬರಿಗೆ. ಒಂದೇ ಸೆಟ್‌ನ ಸಂಪುಟಗಳೂ ಬೇರೆ ಬೇರೆ ಆದವು. ಮೇಷ್ಟ್ರಾಗಿದ್ದವನಿಗೆ ಇದನ್ನು ಕೇಳಿ ಹೊಟ್ಟೆ ಉರಿಯಿತು.

ಗಡಿಯ ಜಗಳ ನೋಡಿಕೊಂಡೇ ಬೆಳೆದವನು ನಾನು. ಅಲ್ಲಿ ಒಂದು ಟಿಕೆಟ್ ಕೌಂಟರ್‌ನಲ್ಲಿ ಒಬ್ಬ ಹೆಂಗಸು ಎದುರಿಗಿದ್ದವರಿಗೆ ಫ್ರೆಂಚ್, ಅವರ ಹಿಂದಿನವರಿಗೆ ಡಚ್, ನನಗೆ ಇಂಗ್ಲಿಷ್, ಹೀಗೆ ಉಸಿರು ತೆಗೆದುಕೊಳ್ಳದೆ ಬದಲಾಯಿಸುತ್ತಿದ್ದಳು. ನಮ್ಮ ಬೆಳಗಾವಿ ಮಾರ್ಕೆಟ್‌ನಲ್ಲಿ ಕಾಯಿಪಲ್ಲೆ ಮಾರುವವರು ಕನ್ನಡ, ಮರಾಠಿ, ಉರ್ದು ಹೀಗೇ ಬದಲಾಯಿಸುತ್ತಾರೆ. ರಾಜಕೀಯದವರ ಮಾತೇ ಬೇರೆ, ಅಂಗಡಿಯ ಮಾತೇ ಬೇರೆ. ಅದನ್ನು ನೋಡಲು ನಾನು ಇನ್ನೊಂದು ಸಲ ಬೇಕಾದರೂ ಹೋಗುತ್ತೇನೆ.

ರೈಲಿನ ಬಗ್ಗೆ ಒಂದು ಎಚ್ಚರಿಕೆ. ಊರುಗಳ ಹೆಸರು ಎರಡು ಭಾಷೆಯಲ್ಲಿ ಪೂರ್ತಿ ಬೇರೆ. ಫ್ರೆಂಚಿನಲ್ಲಿ ಮಾನ್ಸ್, ಡಚ್‌ನಲ್ಲಿ ಬರ್ಗನ್. ಫ್ರೆಂಚಿನ ಲಿಯೇಜ್ ಡಚ್‌ನಲ್ಲಿ ಲುಯಿಕ್. ಫ್ಲಾಂಡರ್ಸ್ ಒಳಗೆ ಹೋದ ಮೇಲೆ ಬೋರ್ಡಿನಲ್ಲಿ ಬರೀ ಡಚ್ ಹೆಸರು. ನಾನು ಒಂದು ಸಲ ಪ್ಲಾಟ್‌ಫಾರ್ಮ್ ಮೇಲೆ ನಿಂತೇ ರೈಲು ಬಿಟ್ಟುಕೊಂಡೆ.

ಕೋಟೆ ಹುಡುಗ

ಶ್ರೀರಂಗಪಟ್ಟಣದವನು ನಾನು. ನನಗೆ ಬ್ರಸೆಲ್ಸ್ ಅಂದರೆ ವಾಟರ್‌ಲೂ. ಊರಿಂದ ದಕ್ಷಿಣಕ್ಕೆ ಸ್ವಲ್ಪ ದೂರ, ರೈಲಿನಲ್ಲಿ ಹೋಗಬಹುದು. 1815ರ ಜೂನ್ 18ರಂದು ಅಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ವೆಲಿಂಗ್ಟನ್ ಯಾರು? 1799ರಲ್ಲಿ ನಮ್ಮ ಕೋಟೆ ಬಿದ್ದಾಗ ಇಲ್ಲಿದ್ದ ಆರ್ಥರ್ ವೆಲ್ಲೆಸ್ಲಿ. ಟಿಪ್ಪು ಸತ್ತ ಮೇಲೆ ಪಟ್ಟಣದ ಅಧಿಕಾರ ಅವನ ಕೈಗೆ ಬಂತು. ಮರುವರ್ಷ ದಂಗೆ ಎದ್ದಿದ್ದ ಧೋಂಡಿಯಾ ವಾಘ್‌ನನ್ನು ನಮ್ಮ ನಾಡಿನ ಉದ್ದಕ್ಕೂ ಬೆನ್ನಟ್ಟಿದವನೂ ಅವನೇ.

ಅಲ್ಲಿ ಮಣ್ಣು ರಾಶಿ ಹಾಕಿ ಮಾಡಿದ ಗುಡ್ಡ ಇದೆ, ಮೇಲೆ ಸಿಂಹ. 226 ಮೆಟ್ಟಿಲು. ಅಮ್ಮನಿಗೆ ಆಗುವುದಿಲ್ಲ. ನಾನು ಹತ್ತಿ ನಿಂತು ಸುತ್ತಲೂ ಹೊಲ ನೋಡಿದೆ. ಗಾಳಿ ಜೋರಾಗಿತ್ತು. ನಮ್ಮ ಕೋಟೆಯ ನೀರಿನ ಬಾಗಿಲ ಹತ್ತಿರ ಆಡಿಕೊಂಡು ಬೆಳೆದ ನನಗೆ ಏನೇನೋ ಅನಿಸಿತು. ಹೇಳಲು ಬರುವುದಿಲ್ಲ.

ತುಂಗಾತೀರ

ಟೆರ್ವ್ಯೂರೆನ್‌ನ ಆಫ್ರಿಕಾ ಮ್ಯೂಸಿಯಂ ಬಗ್ಗೆ ಯಾರೂ ಹೇಳಲಿಲ್ಲ. 44ನೇ ನಂಬರ್ ಟ್ರಾಮ್ ಕಾಡಿನ ನಡುವೆ ಹೋಗುತ್ತದೆ, ಆ ದಾರಿಯೇ ಸೊಗಸು. ಆದರೆ ಮ್ಯೂಸಿಯಂ ಒಳಗೆ ಹೋದರೆ ಮನಸ್ಸು ಭಾರವಾಗುತ್ತದೆ. 1885ರಿಂದ 1908ರವರೆಗೆ ಕಾಂಗೋ ದೇಶ ಪೂರ್ತಿ ಬೆಲ್ಜಿಯಂನ ಎರಡನೇ ಲಿಯೋಪೋಲ್ಡ್ ದೊರೆಯ ಸ್ವಂತ ಆಸ್ತಿಯ ಹಾಗಿತ್ತು. ರಬ್ಬರ್‌ಗಾಗಿ ಅಲ್ಲಿನ ಜನರನ್ನು ಹಿಂಸಿಸಿದ್ದು ಜಗತ್ತಿಗೇ ಗೊತ್ತು. 1897ರ ಪ್ರದರ್ಶನಕ್ಕೆ ಕಾಂಗೋದಿಂದ 267 ಜನರನ್ನು ತಂದು, ಜನ ನೋಡಲಿ ಅಂತ ಗುಡಿಸಲು ಹಾಕಿ ಕೂರಿಸಿದರು. ಏಳು ಜನ ಅಲ್ಲೇ ಸತ್ತರು. ಚರ್ಚಿನ ಪಕ್ಕದಲ್ಲಿ ಅವರ ಏಳು ಗೋರಿಗಳಿವೆ. 2018ರ ಡಿಸೆಂಬರ್‌ನಲ್ಲಿ ಮ್ಯೂಸಿಯಂ ದುರಸ್ತಿಯಾಗಿ ಮತ್ತೆ ತೆರೆಯಿತು, ಈಗ ಈ ಕಥೆಯನ್ನೂ ಹೇಳುತ್ತಾರೆ. ಬ್ರಸೆಲ್ಸ್‌ನ ದೊಡ್ಡ ದೊಡ್ಡ ಕಮಾನು, ಅಗಲವಾದ ರಸ್ತೆ ನೋಡುವಾಗ ದುಡ್ಡು ಎಲ್ಲಿಂದ ಬಂತು ಅನ್ನುವುದು ನೆನಪಿರಬೇಕು. ಎರಡು ದಿನದ ಪ್ರವಾಸಕ್ಕೆ ಇದನ್ನು ಸೇರಿಸಿ ಅಂತ ಒತ್ತಾಯವಿಲ್ಲ. ಗೊತ್ತಿರಲಿ ಅಂತ ಹೇಳಿದೆ.

ಬ್ರಸೆಲ್ಸ್ ವಾಸಿ

ಒಳ್ಳೆಯದು ಮಾಡಿದಿರಿ. ನಾನು ಊರನ್ನು ಹೊಗಳುವ ಭರದಲ್ಲಿ ಅದನ್ನು ಬಿಟ್ಟಿದ್ದೆ.

ಕಡೂರಿನ ಮೇಡಂ, ಎರಡು ದಿನಕ್ಕೆ ನನ್ನ ಸಲಹೆ ಹೀಗಿದೆ. ಮೊದಲ ದಿನ ಮಧ್ಯಾಹ್ನ ಬಂದು ರೂಮಿನಲ್ಲಿ ಮಲಗಿ ಎದ್ದು, ಸಂಜೆ ಗ್ಯಾಲರಿ, ರಾತ್ರಿ ಚೌಕ. ಎರಡನೇ ದಿನ ಬೆಳಿಗ್ಗೆ ಮಾರೋಲ್ ಸಂತೆ, ಗಾಜಿನ ಲಿಫ್ಟ್, ಅಲ್ಲಿಂದ ನಿಧಾನಕ್ಕೆ ಹಳೇ ಚಿತ್ರಗಳ ರಾಯಲ್ ಮ್ಯೂಸಿಯಂ. ಅಲ್ಲಿ ಪೀಟರ್ ಬ್ರೂಗೆಲ್ ಚಿತ್ರಗಳಿವೆ. ಈ ಊರಿನಲ್ಲೇ ಮದುವೆಯಾಗಿ, ಇಲ್ಲೇ 1569ರಲ್ಲಿ ಸತ್ತ ಚಿತ್ರಕಾರ. ಹಳ್ಳಿಯವರನ್ನು ಅವರಷ್ಟು ಹತ್ತಿರದಿಂದ ಬರೆದವರು ಕಡಿಮೆ. ಆಟೋಮಿಯಂ ಬಿಟ್ಟರೂ ನಡೆಯುತ್ತದೆ. 1958ರ ಪ್ರದರ್ಶನಕ್ಕೆ ಕಬ್ಬಿಣದ ಹರಳಿನ ರಚನೆಯನ್ನು 16,500 ಕೋಟಿ ಪಟ್ಟು ದೊಡ್ಡದು ಮಾಡಿ ಕಟ್ಟಿದ್ದು, 102 ಮೀಟರ್ ಎತ್ತರ. ಕೆಳಗೆ ನಿಂತು ನೋಡಿದರೇ ಚೆನ್ನ. ಆದರೆ ಊರಿಂದ ದೂರ. ಬ್ರೂಜ್, ಘೆಂಟ್ ಎರಡನ್ನೂ ಇದರಲ್ಲಿ ತುರುಕಬೇಡಿ. ಪ್ಯಾರಿಸ್‌ಗೆ ರೈಲು ಒಂದೂವರೆ ಗಂಟೆಯೂ ಇಲ್ಲ, ಆರಾಮಾಗಿ ಹೋಗಬಹುದು.

ಬೆಣ್ಣೆದೋಸೆ

ಹೋಗುವುದಾದರೆ ಪರ್ಸ್ ಸೊಂಟಕ್ಕೆ ಕಟ್ಟಿಕೊಳ್ಳಿ ಮೇಡಂ. ಟ್ರಾಮ್ ಹತ್ತುವಾಗ ಬ್ಯಾಗು ಮುಂದಕ್ಕೆ ಹಾಕಿಕೊಳ್ಳಿ. ಪಾಸ್‌ಪೋರ್ಟ್ ಮೂರೂ ಒಬ್ಬರ ಹತ್ತಿರ ಇಡಬೇಡಿ.

ಕಡೂರಿನವಳು (ಎರಡು ತಿಂಗಳ ನಂತರ)

ಹೋಗಿ ಬಂದೆವು. ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲೇ ಎರಡು ಅಭಿಪ್ರಾಯ. ಮನೆಯವರಿಗೆ ಬ್ರಸೆಲ್ಸ್ ಹಿಡಿಸಲಿಲ್ಲ. ಕಸ, ಕಲ್ಲುಹಾಸು, ಒಂದೊಂದು ಕಡೆ ಅಗೆದು ಹಾಕಿದ ರಸ್ತೆ. "ಇದನ್ನು ನೋಡಲು ಇಷ್ಟು ದೂರ ಬರಬೇಕಿತ್ತಾ" ಅಂತ ಎರಡು ಸಲ ಕೇಳಿದರು. ರಾತ್ರಿ ಚೌಕ ನೋಡಿ ಮಾತ್ರ ಸುಮ್ಮನಾದರು. ಓರ್ಟಾ ಮನೆಗೆ ನಾನೊಬ್ಬಳೇ ಹೋದೆ. ಮೆಟ್ಟಿಲ ತುದಿಯ ಆ ಬೆಳಕು, ಹಳೇ ಬೆಂಗಳೂರು ಅವರು ಬರೆದ ಹಾಗೇ ಇತ್ತು. ಫ್ರೈಸ್ ಅಂಗಡಿಯಲ್ಲಿ ಕೇಳಿದೆ, ದನದ ಕೊಬ್ಬು ಅಂದರು. ಮೂರನೇ ಅಂಗಡಿಯಲ್ಲಿ ಎಣ್ಣೆ ಇತ್ತು. ಆ ಮಾಹಿತಿಗೆ ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಅಮ್ಮನ ವಿಷಯ ಹೇಳಲೇಬೇಕು. ಬ್ರೂಗೆಲ್ ಚಿತ್ರಗಳ ಕೋಣೆಯಲ್ಲಿ ನಾವು ಎರಡು ನಿಮಿಷ ನೋಡಿ ಮುಂದೆ ಹೋದೆವು. ತಿರುಗಿ ನೋಡಿದರೆ ಅಮ್ಮ ಬಂದಿಲ್ಲ. ಒಂದು ಚಿತ್ರದ ಮುಂದೆ ನಿಂತಿದ್ದಾರೆ. ಹಿಮ ಬಿದ್ದ ಹಳ್ಳಿ. ಮಕ್ಕಳು ಮಂಜುಗಡ್ಡೆ ಮೇಲೆ ಆಡುತ್ತಿದ್ದಾರೆ, ಕೋಳಿ ಓಡಾಡುತ್ತಿವೆ, ಯಾರೋ ಹಂದಿ ಕೊಯ್ಯುತ್ತಿದ್ದಾರೆ. ಎಡಗಡೆ ಒಂದು ಮನೆಯ ಕಿಟಕಿಗೆ ಜನ ಮುತ್ತಿಕೊಂಡಿದ್ದಾರೆ. ಒಳಗೆ ಒಬ್ಬ ಪುಸ್ತಕ ತೆರೆದು ಬರೆದುಕೊಳ್ಳುತ್ತಿದ್ದಾನೆ. "ಇದು ಏನು ನಡೀತಿದೆ?" ಅಂತ ಅಮ್ಮ ಕೇಳಿದರು. ಪಕ್ಕದ ಚೀಟಿ ಓದಿ ಹೇಳಿದೆ. ಬೆತ್ಲೆಹೆಮ್‌ನಲ್ಲಿ ಜನಗಣತಿ, 1566. ಯೇಸು ಹುಟ್ಟುವ ಮುಂಚೆ ಮೇರಿ, ಜೋಸೆಫ್ ಹೆಸರು ಬರೆಸಲು ಬಂದದ್ದು. ಆ ಗುಂಪಿನ ಹಿಂದೆ ಕತ್ತೆ ಮೇಲೆ ಕೂತಿರುವವಳೇ ಮೇರಿ, ಯಾರೂ ಅವಳನ್ನು ತಿರುಗಿ ನೋಡುತ್ತಿಲ್ಲ.

ಅಮ್ಮ 1991ರಲ್ಲೂ 2001ರಲ್ಲೂ ಜನಗಣತಿ ಕೆಲಸ ಮಾಡಿದವರು. ಬಿಸಿಲಲ್ಲಿ ಮನೆ ಮನೆ ಸುತ್ತಿ, ಜಗಲಿ ಮೇಲೆ ಕೂತು ಬರೆದವರು. ಚಿತ್ರದ ಹತ್ತಿರ ಬಗ್ಗಿ ಆ ಬರೆಯುವವನನ್ನು ನೋಡಿ, "ಇಷ್ಟು ಜನ ಒಟ್ಟಿಗೆ ಮೇಲೆ ಬಿದ್ದರೆ ತಪ್ಪಾಗುತ್ತೆ, ಒಬ್ಬೊಬ್ಬರನ್ನೇ ಕರೀಬೇಕು" ಅಂದರು. ಆಮೇಲೆ ಬಸುರಿ ಹೆಂಗಸನ್ನು ಹಿಂದೆ ನಿಲ್ಲಿಸಿದ್ದಾರಲ್ಲ ಅಂತ ಬೇಜಾರು ಮಾಡಿಕೊಂಡರು. ಮುಕ್ಕಾಲು ಗಂಟೆ ಅಲ್ಲೇ ಇದ್ದೆವು. ಪ್ಯಾರಿಸ್‌ನಲ್ಲಿ ಐಫೆಲ್ ಟವರ್ ಮೇಲೆ ನಿಂತಾಗಲೂ ಅಮ್ಮ ಆ ಹಳ್ಳಿಯ ಮಾತೇ ಆಡುತ್ತಿದ್ದರು.

ಗಡಿನಾಡ ಮೇಷ್ಟ್ರು

ಅಮ್ಮನವರಿಗೆ ನನ್ನ ನಮಸ್ಕಾರ ಹೇಳಿ. ನಾನೂ 1981ರ ಜನಗಣತಿಗೆ ಖಾನಾಪುರದ ಕಡೆ ಹೋದವನು. ಮೂರು ವಾರ ಅಲ್ಲಿದ್ದೆ, ಆ ಚಿತ್ರ ನೋಡದೆ ಬಂದೆ ಅಂತ ಈಗ ಕೊರಗಾಗುತ್ತಿದೆ.

ಬೆಣ್ಣೆದೋಸೆ

ನಿಮ್ಮ ಮನೆಯವರ ಪಕ್ಷ ನನ್ನದು ಮೇಡಂ, ಆ ಊರಿನ ಬಗ್ಗೆ ನನ್ನ ಮನಸ್ಸು ಬದಲಾಗಿಲ್ಲ. ಆದರೆ ಅಕ್ಟೋಬರ್‌ನಲ್ಲಿ ಮಗಳ ಮನೆಗೆ ಜರ್ಮನಿಗೆ ಹೋಗುತ್ತಿದ್ದೇವೆ, ಅಲ್ಲಿಂದ ರೈಲಿದೆ. ನನ್ನ ಹೆಂಡತಿಯೂ ಟೀಚರ್ ಆಗಿದ್ದವಳು. ಇದನ್ನು ಓದಿ ಹೇಳಿದಾಗಿನಿಂದ ಆ ಚಿತ್ರ ನೋಡಬೇಕು ಅನ್ನುತ್ತಿದ್ದಾಳೆ. ಸೋಮವಾರ ಹೊರಟರೆ ನಮಗೆ ಅನುಕೂಲ. ಆವತ್ತು ತೆಗೆದಿರುತ್ತದಾ?

ಕಡೂರಿನವಳು

ಇಲ್ಲ ಸರ್, ಸೋಮವಾರ ಆ ಮ್ಯೂಸಿಯಂಗೆ ರಜೆ. ಮಂಗಳವಾರ ಇಟ್ಟುಕೊಳ್ಳಿ.